ಹುಳುವಿಂಗೆ ಬಿಡುದು ಮದ್ದಲ್ಲ, ವಿಷ

ಅಕ್ಕಂದಿರೇ, ತಂಗೆಕ್ಕಳೇ, ಸುರುವಿಂಗೆ ಒಂದು ಶಬ್ದವ ನಮ್ಮ ಬಾಯಿಂದ ತೆಗೆಯೆಕ್ಕು. "ಮದ್ದು" ಹೇಳುವ ಶಬ್ದ. ಪುಳ್ಳಿಗೆ ಜ್ವರ ಬಂದರೆ ಕೊಡುದುದೆ ಮದ್ದು, ಬೆಂಡೆ ಗೆಡುವಿಂಗೆ ಕುಪ್ಪಿಂದ ಬಿಡುದುದೆ ಮದ್ದು. ಎರಡಕ್ಕೂ ಒಂದೇ ಹೆಸರು ಮಡಗಿದ ಕಾರಣ ಎರಡೂ ಒಂದೇ ಜಾತಿದು ಹೇಳಿ ನಮ್ಮ ಮನಸ್ಸಿಲ್ಲಿ ಕೂದು ಹೋಯಿದು. ಅಂಗಡಿಗೆ ಹೋಗಿ "ಹುಳುವಿನ ಮದ್ದು ಕೊಡಿ" ಹೇಳ್ಲೆ ನಾಲಗೆ ತಡೆತ್ತಿಲ್ಲೆ. "ಒಂದು ಕುಪ್ಪಿ ವಿಷ ಕೊಡಿ, ನಾಳ್ದು ತಿಂಬ ಬೆಂಡೆಕಾಯಿಗೆ ಬಿಡ್ಲೆ" ಹೇಳಿ ಒಂದರಿ ಹೇಳಿ ನೋಡಿ. ಬಾಯಿಗೆ ಬತ್ತೋ?

ಈ ಶುದ್ದಿ ಈಗ ಎಂತಕೆ ಹೇಳಿರೆ, ಪತ್ತನಾಜೆ ಕಳುದು ಬಿತ್ತು ಹಾಕಿದ ನೆಟ್ಟಿ ಈಗ ಬಳ್ಳಿ ಬಿಟ್ಟು ಚಪ್ಪರಕ್ಕೆ ಹತ್ತುವ ಹೊತ್ತು. ಏವ ಮನೆಗೆ ಹೋದರೂ, ಫೋನಿನ ಏವ ಗುಂಪು ನೋಡಿರೂ ಒಂದೇ ಪ್ರಶ್ನೆ: "ಎನ್ನ ಹಾಗಲಕ್ಕೆ ಹುಳು, ಎಂತ ಬಿಡುದು?" ಏವ ಹುಳು ಹೇಳಿ ಆರೂ ಕೇಳ್ತವಿಲ್ಲೆ. ಎಲೆ ತಿಂಬದೋ, ಕಾಯಿ ಕೊರವದೋ, ಅಲ್ಲ ಇನ್ನೊಂದು ಹುಳುವ ತಿಂಬಲೆ ಬಂದದೋ, ವಿಚಾರಣೆಯೇ ಇಲ್ಲೆ. ಸೀದಾ ಗಲ್ಲು. ಮನ್ನೆ ಒಂದು ಪೂಜೆ ಮನೆಲಿ ಊಟಕ್ಕೆ ಕೂದಿಪ್ಪಗ ಒಂದು ಅಕ್ಕ ಹೇಳಿತ್ತು, "ಎನ್ನ ಬದನೆಲಿ ಒಂದು ಒಟ್ಟೆ ತೋರುಸಿಕ್ಕು ನೋಡುವ!" ಹಂತಿಲಿದ್ದ ಎಲ್ಲೋರೂ ತಲೆ ಆಡುಸಿದವು. ಒಟ್ಟೆ ಇಲ್ಲದ್ದ ಬದನೆ ಪೇಟೆಲಿ ಬೇಕಾದಷ್ಟು ಇದ್ದನ್ನೆ ಅಕ್ಕಾ. ಅದೇ ಆಯೆಕ್ಕಾರೆ ಜಾಲಿಲ್ಲಿ ಬೆನ್ನು ಬಗ್ಗುಸುದು ಎಂತಕೆ?

ತೋಟದ ವಿಷಯ ಆನು ಮಾತಾಡ್ತಿಲ್ಲೆ. ಅಡಕ್ಕೆಯ ಕೊಳೆರೋಗಕ್ಕೆ ಮೈಲುತುತ್ತೂ ಸುಣ್ಣವೂ ಸೇರುಸಿ ಬೋರ್ಡೋ ಬಿಡುದು ಬೇರೆ ಲೆಕ್ಕ. ಅದು ಶಿಲೀಂಧ್ರಕ್ಕೆ ಬಿಡುದು, ಹುಳುವಿಂಗಲ್ಲ. ಎನ್ನ ಜಗಳ ಅಡಿಗೆ ಕೋಣೆಂದ ಹತ್ತು ಹೆಜ್ಜೆ ದೂರಲ್ಲಿಪ್ಪ, ನಾವು ಹೆಮ್ಮಕ್ಕಳೇ ನೆಟ್ಟು, ನಾವೇ ಕೊಯ್ದು, ನಾವೇ ಬೇಶಿ ಮಕ್ಕೊಗೆ ಬಳುಸುವ ನೆಟ್ಟಿಯ ವಿಷಯಲ್ಲಿ.

"ಬಿಟ್ಟು ಒಂದು ವಾರ ಕಳುದು ಕೊಯ್ತೆಯೊ, ಉಪ್ಪು ನೀರಿಲ್ಲಿ ತೊಳೆತ್ತೆಯೊ" ಹೇಳಿ ಕೆಲವರ ಸಮಾಧಾನ. ಲೆಕ್ಕ ಹಾಕಿ ನೋಡುವ. ವಿಷದ ಕುಪ್ಪಿಯ ಒಟ್ಟಿಂಗೆ ಒಂದು ಚೀಟಿ ಬತ್ತು. ಬಿಟ್ಟ ಮತ್ತೆ ಎಷ್ಟು ದಿನ ಕಾದು ಕೊಯ್ಯೆಕ್ಕು ಹೇಳಿ ಅದರಲ್ಲಿ ಇರ್ತು. ಬೆಂಡೆಯ ದಿನ ಬಿಟ್ಟು ದಿನ ಕೊಯ್ಯದ್ದರೆ ಬಲುದು ನಾರು ಆವುತ್ತು. ಅಲಸಂಡೆಯುದೆ ಹಾಂಗೇ. ಅಂಬಗ ವಾರ ಕಾದರೆ ಮೂರು ಕೊಯ್ಲಿನ ಕಾಯಿ ಇಡ್ಕೆಕ್ಕು. ಆರು ಇಡ್ಕುತ್ತವು? ಒಂದು ಕಾಯಿ ಬಲುದರೆ ಹೊಟ್ಟೆ ಉರಿವ ಜೆನ ನಾವು! ಕಾಯ್ತೆಯೊ ಹೇಳುದು ಬಾಯಿ ಮಾತು. ಇನ್ನು ತೊಳವ ಸಂಗತಿ. ಎಲ್ಲ ವಿಷವೂ ಸಿಪ್ಪೆಯ ಮೇಗೆಯೇ ನಿಂಬದಲ್ಲ. ಕೆಲವು ಗೆಡುವಿನ ರಸದ ಒಳಂಗೇ ಹೋಪ ಜಾತಿದು. ಅದಕ್ಕೆ ಉಪ್ಪು ನೀರೂ ಒಂದೇ, ಗಂಗಾಜಲವೂ ಒಂದೇ.

ಅದೇ ಕುಪ್ಪಿಲಿ ಒಂದು ಬಣ್ಣದ ತ್ರಿಕೋನವೂ ಇರ್ತು. ಕೆಂಪು, ಹಳದಿ, ನೀಲಿ, ಹಸುರು. ಕೆಂಪು ಹೇಳಿರೆ ಎಲ್ಲಕ್ಕಿಂತ ಕಠಿಣ ವಿಷ. ಅಂಗಡಿಯವು ಕೊಡುವಗ ಅದರ ತೋರುಸುತ್ತವಿಲ್ಲೆ, ನಾವು ಕೇಳ್ತಿಲ್ಲೆ. ಸೀರೆಯ ಅಂಚಿನ ಬಣ್ಣ ಸರಿ ಇಲ್ಲದ್ದರೆ ನಾಕು ಅಂಗಡಿ ತಿರುಗುವ ನಾವು ಈ ಬಣ್ಣವ ಒಂದರಿ ನೋಡ್ಲಾಗದೊ?

ಇನ್ನು ಹುಳುಗಳ ಒಂದೊಂದಾಗಿ ಕಟಕಟೆಗೆ ಬರುಸುವ.

ಹಾಗಲಕಾಯಿ ಬೆರಳುದ್ದ ಅಪ್ಪಗಳೇ ಹಳದಿ ಆಗಿ, ಸೊಟ್ಟ ಆಗಿ, ಕೊಳದು ಬೀಳ್ತು. ಒಡದು ನೋಡಿರೆ ಒಳ ಬೆಳಿ ಹುಳುಗೊ. ಇದು ಒಂದು ನೊಣದ ಕೆಲಸ. ಎಳತ್ತು ಕಾಯಿಗೆ ಸೂಜಿಲಿ ಕುತ್ತಿದ ಹಾಂಗೆ ಕುತ್ತಿ ಒಳ ಮೊಟ್ಟೆ ಮಡುಗುತ್ತು. ಹುಳು ಕಾಯಿಯ ಒಳವೇ ತಿಂದು ಬೆಳದು, ಮತ್ತೆ ಹೆರ ಬಂದು ಮಣ್ಣಿಂಗೆ ಇಳುದು ಕೋಶ ಕಟ್ಟುತ್ತು. ಅಲ್ಲಿಂದ ಹೊಸ ನೊಣ ಹಾರುತ್ತು. ಈಗ ಹೇಳಿ, ನಿಂಗೊ ಎಲೆಯ ಮೇಗೆ ಬಿಟ್ಟದು ಇದರಲ್ಲಿ ಆರಿಂಗೆ ತಾಗಿತ್ತು? ಹುಳು ಕಾಯಿಯ ಒಳ ಇದ್ದು, ಕೋಶ ಮಣ್ಣಿನ ಅಡಿಲಿ ಇದ್ದು. ತಾಗಿದ್ದು ಹೂಗಿಂಗೆ ಬಂದ ಜೇನಿಂಗೆ, ಮತ್ತೆ ನಿಂಗಳ ಮೂಗಿಂಗೆ.

ಇದಕ್ಕೆ ಬೇಕಪ್ಪದು ಹಳೆ ಪೇಪರು. ಹೂಗು ಬಾಡಿ ಕಾಯಿ ಕಿರುಬೆರಳಷ್ಟು ಅಪ್ಪಗಳೇ ಪೇಪರಿನ ಕೊಳವೆ ಮಾಡಿ ಹಾಕಿ ಮೇಗೆ ಬಾಳೆ ಬಳ್ಳಿಲಿ ಕಟ್ಟಿರೆ ಆತು. ಜೋರು ಮಳೆ ಆದರೆ ಹಳೆ ಸೀರೆಯ ತುಂಡಿಲಿ ಉದ್ದ ಚೀಲ ಹೊಲುದು ಹಾಕಿ. ಬಿದ್ದ ಕಾಯಿಗಳ ಗೊಬ್ಬರದ ಗುಂಡಿಗೆ ಇಡ್ಕೆಡಿ. ಅದು ನೊಣಕ್ಕೆ ನಾವೇ ಬಾಣಂತನ ಮಾಡಿದ ಹಾಂಗೆ. ದಿನಾಗಿಳೂ ಹೆಕ್ಕಿ, ಕೊದಿನೀರು ಎರದು ಮತ್ತೆ ಗುಂಡಿಗೆ ಹಾಕಿ. ಬಳ್ಳಿಯ ಬುಡದ ಮಣ್ಣಿನ ಕೆರಸಿ ಮಡಗಿರೆ ಕೋಶ ಮೇಗೆ ಬಕ್ಕು, ಹಕ್ಕಿಗೊ ಹೆಕ್ಕಿ ತಿಂಗು. ಗಂಡು ನೊಣಂಗಳ ಎಳದು ಹಿಡಿವ ಮೋಹಕ ಬಲೆಯುದೆ ಅಂಗಡಿಲಿ ಸಿಕ್ಕುತ್ತು. ತುಳಸಿಯ ಜಜ್ಜಿ ಕುಪ್ಪಿಲಿ ಹಾಕಿ ನೇಲುಸಿರೆ ಸಾಕು ಹೇಳಿ ಫೋನಿಲ್ಲಿ ಬಪ್ಪದರ ಪೂರ ನಂಬೆಡಿ. ತುಳಸಿಯ ಪರಿಮ್ಮಳಕ್ಕೆ ಬಪ್ಪದು ಮಾವಿನಹಣ್ಣಿನ ನೊಣ. ಹಾಗಲ, ಪೀರೆ, ಮುಳ್ಳುಸೌತೆಗೆ ಬಪ್ಪ ನೊಣದ ಜಾತಿಯೇ ಬೇರೆ, ಅದಕ್ಕೆ ಬೇರೆ ವಾಸನೆ ಆಯೆಕ್ಕು. ಅಂಗಡಿಲಿ "ಕ್ಯೂ ಲ್ಯೂರ್" ಹೇಳಿಯೇ ಕೇಳಿ.

ಇನ್ನು ಗುಲಗಂಜಿ ಹುಳು. ಕೆಂಪು ಬೆನ್ನು, ಕಪ್ಪು ಚುಕ್ಕಿ, ಪಳಪಳ ಹೊಳವದು. ಅಲಸಂಡೆಯ ಕೊಡಿಲಿ ಕಪ್ಪು ಕಪ್ಪಾಗಿ ಹೇನು ಹಿಡಿತ್ತಲ್ಲದೊ, ಆ ಹೇನಿನ ತಿಂಬಲೆ ಇದು ಬಪ್ಪದು. ಇದರ ಮರಿ ನೋಡ್ಲೆ ಚೆಂದ ಇಲ್ಲೆ, ಎಳ್ಳಷ್ಟು ಉದ್ದದ ಮೊಸಳೆಯ ಹಾಂಗೆ. ಅಸಹ್ಯ ಕಾಣ್ತು ಹೇಳಿ ನಾವು ಸುರು ಕೊಲ್ಲುದು ಅದನ್ನೇ. ಅದುದೆ ಹೇನನ್ನೇ ತಿಂಬದು. ಇದರ ಹಾಂಗೇ ಇಪ್ಪ ಇನ್ನೊಂದು ಇದ್ದು. ಬೆನ್ನು ಮಂಕು, ಹೊಳಪಿಲ್ಲೆ, ಚುಕ್ಕಿ 28 ರವರೆಗೆ ಇಕ್ಕು. ಬದನೆ, ಹಾಗಲದ ಎಲೆಯ ಹಸುರಿನ ಕೆರದು ಕೆರದು ಎಲೆಯ ಬಲೆಯ ಹಾಂಗೆ ಮಾಡುದು ಇದು. ಇದರ ಹೆಕ್ಕಿ ಸಾಬೂನು ನೀರಿಂಗೆ ಹಾಕಿ. ಹೊಳವದು ನಮ್ಮ ಹೊಡೆಲಿ, ಮಂಕಿಂದು ವಿರೋಧ ಹೊಡೆಲಿ. ಇಷ್ಟು ಗುರ್ತ ಹಿಡಿವಲೆ ಪಟ್ಟಣಲ್ಲಿ ಓದೆಕ್ಕು ಹೇಳಿ ಇಲ್ಲೆ. ವಿಷ ಬಿಟ್ಟರೆ ಎರಡೂ ಸಾಯ್ತವು. ಆದರೆ ಹೇನು ಒಂದೇ ವಾರಲ್ಲಿ ಮರಿ ಹಾಕಿ ಹಾಕಿ ಪುನಃ ತುಂಬುತ್ತು, ಅದರ ತಿಂಬ ಗುಲಗಂಜಿ ಅಷ್ಟು ಬೇಗ ಬತ್ತಿಲ್ಲೆ. ಅದಕ್ಕೇ "ಒಂದರಿ ಬಿಟ್ಟ ಮೇಲೆ ಹುಳು ಮೊದಲಾಣದ್ದರಿಂದ ಹೆಚ್ಚಾತು, ಇನ್ನೂ ಜೋರಿನದ್ದು ಬೇಕು" ಹೇಳುವ ಮಾತು ಎಲ್ಲಾ ಮನೆಲಿಯೂ ಕೇಳುದು. ಕಾವಲುಗಾರನ ಕೊಂದಿಕ್ಕಿ ಕಳ್ಳರು ಹೆಚ್ಚಾದವು ಹೇಳಿ ಕೂಗಿರೆ ಹೇಂಗೆ?

ಹೇನಿಂಗೆ ಹೆಬ್ಬೆರಳೂ ತೋರುಬೆರಳೂ ಸಾಕು, ಕೊಡಿಯ ಮೆಲ್ಲಂಗೆ ಉದ್ದಿ ತೆಗವದು. ತುಂಬ ಇದ್ದರೆ ಪೈಪಿಲ್ಲಿ ಜೋರು ನೀರು ಹಿಡುದರೆ ಉದುರಿ ಹೋವುತ್ತು. ಅದಕ್ಕೂ ಬಗ್ಗದ್ದರೆ ಒಂದು ಲೀಟರು ನೀರಿಂಗೆ 5 ಮಿಲಿಯಷ್ಟು ಕಹಿಬೇವಿನ ಎಣ್ಣೆ, ಅದು ನೀರಿಲ್ಲಿ ಬೆರವಲೆ ರಜ್ಜ ಸಾಬೂನು. ಹೊತ್ತೋಪಗ ಬಿಸಿಲು ತಗ್ಗಿದ ಮೇಲೆ ಎಲೆಯ ಅಡಿಯಂಗೆ ಬಿಡಿ, ಹೂಗಿಂಗೆ ಬಿಡೆಡಿ.

ಚೀನಿಕಾಯಿ, ಸೌತೆಯ ಸೆಸಿ ಎರಡೆಲೆ ಅಪ್ಪಗ ಬಪ್ಪ ಕಿತ್ತಳೆ ಬಣ್ಣದ ದುಂಬಿ ಅಪ್ಪು, ಕಳ್ಳನೇ. ಒಂದು ದಿನ ನೋಡದ್ದರೆ ಎಲೆ ಜರಡಿ. ಉದಿಯಪ್ಪಗ ಅದು ಚುರುಕಿರ್ತಿಲ್ಲೆ, ಆ ಹೊತ್ತಿಂಗೆ ಹೆಕ್ಕೆಕ್ಕು. ಒಲೆಯ ತಣುದ ಬೂದಿಯ ಎಲೆಯ ಮೇಗೆ ಉದುರುಸುವ ಕ್ರಮ ನಮ್ಮ ಅಜ್ಜಿಯಕ್ಕಳದ್ದು. ಮಳೆ ಬಂದರೆ ತೊಳದು ಹೋಕು, ಪುನಃ ಹಾಕೆಕ್ಕು. ಸೆಸಿಗೆ ನಾಕೈದು ಎಲೆ ಬಂದರೆ ಮತ್ತೆ ಅದು ತಿಂದರೂ ಗೆಡು ತಡಕ್ಕೊಳ್ತು. ಬೆಂಡೆ, ಬದನೆಯ ಕೊಡಿ ಇದ್ದಕ್ಕಿದ್ದ ಹಾಂಗೆ ಬಾಡಿ ನೇತರೆ ಒಳ ಕೊರವ ಹುಳು ಇದ್ದು ಹೇಳಿ ಲೆಕ್ಕ. ಬಾಡಿದ ಜಾಗೆಂದ ಎರಡಿಂಚು ಕೆಳ ಕತ್ತರಿಸಿ, ಹುಳು ಸಮೇತ ಹೊತ್ತುಸಿ ಬಿಡಿ. ಗೆಡು ಹೊಸ ಕೊಡಿ ಬಿಡ್ತು.

ನಿಂಬೆ, ಬೇನ್ಸೊಪ್ಪಿನ ಎಲೆಲಿ ಹಕ್ಕಿಯ ಹಿಕ್ಕೆಯ ಹಾಂಗಿಪ್ಪ ಹುಳುವಿನ ಕಂಡಿದ್ದಿರೊ? ದೊಡ್ಡ ಅಪ್ಪಗ ಹಸುರಾವುತ್ತು, ಮುಟ್ಟಿರೆ ತಲೆಂದ ಕೆಂಪು ಕೊಂಬು ಹೆರ ಹಾಕಿ ನಾತ ಬಿಡ್ತು. ಮಕ್ಕೊ ಹೆದರಿ ಓಡ್ತವು, ನಾವು ಕುಪ್ಪಿ ತತ್ತು. ಅದು ಚಿಟ್ಟೆಯ ಮರಿ. ಕಚ್ಚುತ್ತೂ ಇಲ್ಲೆ, ವಿಷವೂ ಇಲ್ಲೆ. ಗೆಡು ದೊಡ್ಡ ಇದ್ದರೆ ಎರಡೆಲೆ ತಿನ್ನಲಿ, ಸಣ್ಣ ಸೆಸಿ ಆದರೆ ಎಲೆ ಸಮೇತ ತೆಗದು ಗುಡ್ಡೆಕರೆಲಿಪ್ಪ ಬೇನ್ಸೊಪ್ಪಿನ ಗೆಡುವಿಲ್ಲಿ ಮಡಗಿ. ನಮ್ಮ ರಾಜ್ಯದ ಚಿಟ್ಟೆ ಹೇಳಿ ಹೆಸರು ಪಡದ ಕಪ್ಪು-ಹಳದಿಯ ದೊಡ್ಡ ಚಿಟ್ಟೆಯುದೆ ಈಶ್ವರ ಬಳ್ಳಿಯ ಎಲೆ ತಿಂಬ ಹುಳು ಆಗಿದ್ದದೇ. ಹುಳುವಿನ ಪೂರ ಕೊಂದಿಕ್ಕಿ ಚಿಟ್ಟೆಯ ಫೊಟೊ ತೆಗವಲೆ ಎಲ್ಲಿಗೆ ಹೋಪದು?

ಚೇರಟೆಯ ಮೇಗೂ ವಿಷದ ಹುಡಿ ಹಾಕುವವು ಇದ್ದವು. ಮಳೆಗಾಲಲ್ಲಿ ಗೋಡೆ ಹತ್ತುವ, ಮುಟ್ಟಿರೆ ಚಕ್ರದ ಹಾಂಗೆ ಸುರುಟುವ ಪಾಪದ ಜೀವಿ. ಕೊಳದ ಎಲೆಯ ತಿಂದು ಮಣ್ಣು ಮಾಡುದು ಅದರ ಕೆಲಸ, ನಮ್ಮ ಕಚ್ಚುದಲ್ಲ. ಒಳ ಬಂದರೆ ಹಿಡಿಸೂಡಿಯೂ ಹಾಳೆಯ ತುಂಡೂ ಇದ್ದನ್ನೆ.

ಇನ್ನು ಜೇನು. ಸೌತೆ, ಚೀನಿಕಾಯಿ, ಹಾಗಲಲ್ಲಿ ಗಂಡು ಹೂಗು ಬೇರೆ, ಹೆಣ್ಣು ಹೂಗು ಬೇರೆ. ಇದರ ಹೊಡಿಯ ಅದಕ್ಕೆ ಮುಟ್ಟುಸುವವು ಆರು? ತುಡುವೆ, ಮುಜಂಟಿ, ಎರುಗು, ಸಣ್ಣ ಸಣ್ಣ ನೊಣಂಗೊ. ಈ ಹೂಗುಗೊ ಅರಳುದು ಉದಿಯಪ್ಪಗ. ನಾವು ವಿಷ ಬಿಡುದುದೆ ಮನೆಕೆಲಸ ಮುಗುದು, ಬಿಸಿಲು ಏರುವ ಮದಲೇ ಹೇಳಿ ಉದಿಯಪ್ಪಗಳೇ! ಹದಿನೈದು ದಿನ ಕಳುದು ಅದೇ ಮನೆಂದ ಫೋನು: "ಹೂಗು ರಾಶಿ ಬತ್ತು, ಒಂದೇ ಒಂದು ಕಾಯಿ ನಿಲ್ತಿಲ್ಲೆ, ಎಂತ ಬಿಡುದು?" ಬಿಡೆಕ್ಕಾದ್ದು ವಿಷ ಬಿಡುವ ಅಭ್ಯಾಸವ. ಪೀರೆ, ಪಟಗಿಲದ ಹೂಗು ಹೊತ್ತೋಪಗ, ಇರುಳು ಅರಳುದು, ಅದಕ್ಕೆ ಬಪ್ಪದು ಇರುಳಾಣ ಪತಂಗಂಗೊ. ಬೇವಿನೆಣ್ಣೆ ಬಿಡ್ತರೂ ಆ ಬಳ್ಳಿಯ ಹೂಗಿನ ಬಿಟ್ಟು ಬಿಡೆಕ್ಕು ಹೇಳುದು ಇದಕ್ಕೇ.

ಒಂದು ಹುಳುವಿನ ಮೇಗೆ ಮಾಂತ್ರ ಎನಗೆ ಒಂದು ಚೂರೂ ದಯೆ ಇಲ್ಲೆ. ಅದು ನುಸಿ. ಡೆಂಗ್ಯೂ ತಪ್ಪ ನುಸಿ ಮೊಟ್ಟೆ ಮಡುಗುದು ಕಾಡಿಲ್ಲಿ ಅಲ್ಲ, ನಮ್ಮ ಜಾಲಕರೆಲಿ. ಅಡಕ್ಕೆ ಹಾಳೆಲಿ ನಿಂದ ನೀರು, ಎಳನೀರಿನ ಚಿಪ್ಪು, ರಬ್ಬರು ಮರದ ಗೆರಟೆ, ಹಳೆ ಟಯರು, ಹೂಗಿನ ಚಟ್ಟಿಯ ಅಡಿಯಾಣ ತಟ್ಟೆ, ಫ್ರಿಜ್ಜಿನ ಹಿಂದಾಣ ತಟ್ಟೆ. ಮೊಟ್ಟೆ ನುಸಿ ಅಪ್ಪಲೆ ಒಂದು ವಾರ, ಹತ್ತು ದಿನ ಸಾಕು. ಅಂಬಗ ವಾರಕ್ಕೊಂದರಿ, ಆಯಿತ್ಯವಾರ ಹೇಳಿಯೇ ಮಡಿಕ್ಕೊಂಬ, ಜಾಲಿನ ಸುತ್ತ ಒಂದು ಸುತ್ತು ಬಂದು ಎಲ್ಲವನ್ನೂ ಕವುಚಿ ಹಾಕಿರೆ ನುಸಿಯ ವಂಶ ಅಲ್ಲಿಗೇ ನಿಲ್ತು. ನಾವು ಮಾಡುದೆಂತ? ನಿಜವಾಗಿ ಜೀವ ತೆಗವ ನುಸಿಗೆ ಒಂದು ಬತ್ತಿ ಹೊತ್ತುಸಿ ಸುಮ್ಮನೆ ಕೂಬದು, ಎರಡೆಲೆ ತಿಂದ ಹುಳುವಿಂಗೆ ಕೆಂಪು ತ್ರಿಕೋನದ ವಿಷ ಬಿಡುದು. ಇದೇವ ನ್ಯಾಯ?

ಎನ್ನ ಈ ಮಾತಿಂಗೆ ಬಪ್ಪ ಉತ್ತರ ಎನಗೆ ಗೊಂತಿದ್ದು. ಸುರು: "ಪೇಟೆ ತರಕಾರಿಗೂ ಬಿಡ್ತವನ್ನೆ, ನಾವು ಬಿಟ್ಟರೆ ಎಂತ?" ಪೇಟೆದರಲ್ಲಿ ವಿಷ ಇದ್ದು ಹೇಳಿಯೇ ನಾವು ಮನೆಲಿ ಮಾಡುದು. ಅದನ್ನೇ ಇಲ್ಲಿಯೂ ಬಿಟ್ಟರೆ ಬೆನ್ನುಬೇನೆ ಮಾಂತ್ರ ನಮ್ಮ ಲಾಭ.

ಎರಡನೇದು: "ಹುಳು ಹೆಕ್ಕಿಗೊಂಡು ಕೂಬಲೆ ಪುರುಸೊತ್ತು ಆರಿಂಗಿದ್ದು?" ಹತ್ತು ಬುಡ ಬೆಂಡೆ, ಎರಡು ಚಪ್ಪರ ಬಳ್ಳಿಗೆ ಕಾಲು ಗಂಟೆ ಸಾಕು. ಎಕ್ರೆಗಟ್ಳೆ ಮಾಡುವವರ ಕಷ್ಟ ಬೇರೆ, ಅವಕ್ಕೆ ಆನು ಉಪದೇಶ ಮಾಡ್ತಿಲ್ಲೆ. ಮತ್ತೆ ಕಾಲ ನೋಡಿ ನೆಟ್ಟರೆ ಅರ್ಧ ಹುಳು ಬತ್ತೇ ಇಲ್ಲೆ. ಮಳೆಗಾಲಕ್ಕೆ ಬೆಂಡೆ, ಹಾಗಲ, ಪಟಗಿಲ, ಕೆಸವು. ಮಳೆ ಬಿಟ್ಟ ಮೇಲೆ ಹರಿವೆ, ಸೌತೆ, ಕುಂಬ್ಳ. ವರ್ಷ ಪೂರ ತೊಂಡೆ, ಬಸಳೆ. ನಮ್ಮ ಈ ಸೆಕೆಗೆ ಹೂಕೋಸು, ಕ್ಯಾಬೇಜು ನೆಟ್ಟು ಹುಳುವಿನ ಬೈದರೆ ಹುಳು ಎಂತ ಮಾಡುಗು? ಒಂದು ವರ್ಷ ಬಳ್ಳಿ ಹಾಕಿದ ಗುಂಡಿಗೆ ಮರುವರ್ಷ ಬಳ್ಳಿ ಹಾಕೆಡಿ, ಬೇಸಗೆಲಿ ಮಣ್ಣಿನ ಮೊಗಚ್ಚಿ ಬಿಸಿಲಿಂಗೆ ಒಣಗುಲೆ ಬಿಡಿ.

ಮೂರನೇದು: "ಆನು ಅಂಗಡಿದು ಬಿಡ್ತಿಲ್ಲೆ, ಹೊಗೆಸೊಪ್ಪಿನ ಕಷಾಯ ಬಿಡ್ತೆ, ಅದು ಸಾವಯವ." ಸಾವಯವ ಹೇಳಿರೆ ಅಮೃತ ಅಲ್ಲ. ಹೊಗೆಸೊಪ್ಪಿಲ್ಲಿಪ್ಪ ನಿಕೋಟಿನ್ ಕಠಿಣ ವಿಷ, ಕೈಯ ಚರ್ಮಂದಲೇ ಒಳ ಇಳಿತ್ತು. ಗುಲಗಂಜಿ ಹುಳುವಿನನ್ನೂ ಕೊಲ್ಲುತ್ತು, ಜೇನಿನನ್ನೂ ಕೊಲ್ಲುತ್ತು. ಫೋನಿಲ್ಲಿ ಬಂತು ಹೇಳಿ ಚಿಮಿಣಿ ಎಣ್ಣೆ, ಬಟ್ಟೆ ಸೋಪಿನ ಹುಡಿ, ಉಪ್ಪು ಎಲ್ಲ ಕಲಸಿ ಹೊಯ್ದರೆ ಹುಳುವಿಂದ ಮೊದಲು ಗೆಡು ಸಾಯ್ತು.

ಈಗ ಎನ್ನ ನಿಜವಾದ ಕೋಪದ ಕಾರಣ ಹೇಳ್ತೆ. ಕುಪ್ಪಿ ಮನೆಯೊಳ ಬಂದರೆ ಅದು ಬೆಂಡೆ ಗೆಡುವಿನ ಬುಡಲ್ಲಿಯೇ ನಿಲ್ತಿಲ್ಲೆ. ಒಳುದ್ದರ ಶರ್ಬತ್ತಿನ ಕುಪ್ಪಿಗೆ ಹಾಕಿ ಅಟ್ಟಲ್ಲಿ ಮಡುಗುವವು ಇದ್ದವು. ಅಳದ ಮುಚ್ಚಳವ ತೊಳದು ಪುನಃ ಒಳ ತಪ್ಪವು ಇದ್ದವು. 2013 ಜುಲೈಲಿ ಬಿಹಾರದ ಸಾರಣ್ ಜಿಲ್ಲೆಲಿ ಶಾಲೆಯ ಮಧ್ಯಾನ್ನದ ಊಟಲ್ಲಿ ಮೋನೋಕ್ರೋಟೋಫಾಸ್ ಸೇರಿ 23 ಮಕ್ಕೊ ತೀರಿ ಹೋದವು. ಅದು ಹೊಲಕ್ಕೆ ಬಿಡುವ ವಿಷ. ಅಡಿಗೆ ಎಣ್ಣೆಯ ಒಟ್ಟಿಂಗೆ ಮಕ್ಕಳ ಬಟ್ಲಿಂಗೆ ಬಂತು. ಅಂಗಿ ಒಗವದು ನಾವು, ಸ್ಪ್ರೇ ಡಬ್ಬಿ ತೊಳವದು ನಾವು, ಆ ನೀರು ಇಂಗುದು ನಮ್ಮದೇ ಬಾವಿಯ ಕರೆಲಿ. ಅದೇ ಜಾಲಿಲ್ಲಿ ಪುಳ್ಳಿ ಮಣ್ಣಾಟ ಆಡಿ ಬೆರಳು ಚೀಪುದು.

ನಮ್ಮ ಊರಿನವಕ್ಕೆ ಇದರ ಬೇರೆ ಆರೂ ಹೇಳಿಕೊಡೆಕ್ಕಾದ್ದಿಲ್ಲೆ. ಗೇರು ತೋಟಲ್ಲಿ ಹೂಗಿನ, ಚಿಗುರಿನ ರಸ ಹೀರುವ ಒಂದು ಸಣ್ಣ ಹುಳು, ಟೀ ಸೊಳ್ಳೆ ಹೇಳ್ತವು, ಅದರ ಕೊಲ್ಲುಲೆ ಹೆಲಿಕಾಪ್ಟರಿಲ್ಲಿ ಎಂಡೋಸಲ್ಫಾನ್ ಬಿಟ್ಟವು. ಕಾಸರಗೋಡಿನ ಪಡ್ರೆ, ಎಣ್ಮಕಜೆ ಹೊಡೆಲಿ, ಇತ್ತಲಾಗಿ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ ಹೊಡೆಲಿ, 2000 ಇಸವಿ ವರೆಗೆ ವರ್ಷ ವರ್ಷ. ಅದನ್ನೂ "ಮದ್ದು" ಹೇಳಿಯೇ ಹೇಳಿಗೊಂಡಿತ್ತಿದ್ದವು. ಹಾಸಿಗೆ ಹಿಡುದ ಮಕ್ಕಳ ಎತ್ತಿ ಕೂರುಸಿ, ಮೀಶಿ, ಉಣುಸಿಗೊಂಡು ಜೀವಮಾನ ಕಳದ್ದು ಅಬ್ಬೆಕ್ಕೊ. ಸುಪ್ರೀಂ ಕೋರ್ಟು ಅದರ ನಿಲ್ಲುಸಿದ್ದು 2011 ಮೇ 13 ಕ್ಕೆ. ಎಲೆಗಳ ಸೇರುಸಿ ಮರಲ್ಲಿ ಗೂಡು ಕಟ್ಟುವ ಕೆಂಪು ಎರುಗು ಇದ್ದನ್ನೆ, ಕಚ್ಚಿರೆ ಜೀವ ಹೋವುತ್ತು ಹೇಳಿ ನಾವು ಗೂಡಿಂಗೆ ಕಿಚ್ಚು ಕೊಡುದು, ಅದು ಆ ಟೀ ಸೊಳ್ಳೆಯ ಹಿಡುದು ತಿಂಬ ಜಾತಿದು. ಮರಲ್ಲಿಯೇ ಇದ್ದ ಕಾವಲು ಆರ ಕಣ್ಣಿಂಗೂ ಬಿದ್ದಿದಿಲ್ಲೆ, ಆಕಾಶಂದ ವಿಷ ಬಂತು. ಹೆಲಿಕಾಪ್ಟರಿನವರ ಬೈದ ಬಾಯಿಲಿ ನಾವು ಕೈಲಿ ಸ್ಪ್ರೇ ಹಿಡುದು ಅದನ್ನೇ ಸಣ್ಣ ಮಟ್ಟಿಂಗೆ ಮಾಡಿರೆ, ಆ ಅಬ್ಬೆಕ್ಕಳ ಎದುರು ನಾವು ಯಾವ ಮೋರೆಲಿ ನಿಂಬದು?

ಅದಕ್ಕೆ ಎನ್ನ ಮಾತು ಇಷ್ಟು. ಹುಳು ಕಂಡಪ್ಪಗ "ಎಂತ ಬಿಡುದು" ಹೇಳಿ ಕೇಳೆಡಿ, "ಇದು ಆರು" ಹೇಳಿ ಕೇಳಿ. ಗೊಂತಾಗದ್ದರೆ ಫೊಟೊ ತೆಗದು ಗುಂಪಿಂಗೆ ಹಾಕಿ, ಆರಿಂಗಾರೂ ಗೊಂತಿಕ್ಕು. ಮನೆಲಿ ಈಗಾಗಳೇ ಕುಪ್ಪಿ ಇದ್ದರೆ ಮಕ್ಕಳ ಕೈಗೆ ಸಿಕ್ಕದ್ದ ಹಾಂಗೆ ಬೀಗ ಹಾಕಿ ಮಡಗಿ, ಬೇರೆ ಕುಪ್ಪಿಗೆ ಎರೆಡಿ, ಬಾವಿಕರೆಲಿ ಚೆಲ್ಲೆಡಿ, ಹೊಸತ್ತು ತರೆಡಿ. ನೆಂಟರು ಬಂದಿಪ್ಪಗ ಬದನೆಯ ಒಟ್ಟೆ ಇಪ್ಪ ತುಂಡಿನ ಕತ್ತರಿಸಿ ತೆಗದು, ಒಳುದ್ದರ ಬೋಳು ಕೊದಿಲು ಮಾಡಿ ಬಳುಸಿ. ಆರಾರೂ ಕೇಳಿರೆ ಧೈರ್ಯಲ್ಲಿ ಹೇಳಿ: ಹುಳು ತಿಂದು ಬದುಕ್ಕಿದ ಬದನೆ ಇದು, ಮಕ್ಕೊಗೂ ಕೊಡ್ಲಕ್ಕು.

ಎನ್ನ ಮಾತು ಖಾರ ಆತು ಹೇಳಿ ಕಂಡರೆ ಎರಡು ದಿನ ಮಾತು ಬಿಡಿ, ಬೇಜಾರಿಲ್ಲೆ. ಈ ಮಳೆಗಾಲ ವಿಷ ಬಿಡೆಡಿ.